ಮಾದರಿ ಹಳ್ಳ

"ಹಿಂದಕ್ಕೆ ಸರ್ಕಳ್ಳೇ ಮುಂಡೆ! ನೆಳ್ಳು ಬೀಳ್ತೈತೆ ನೀರಿನ ಮ್ಯಾಲೆ!"

ಪೂಜಾರಿ ರುದ್ರಯ್ಯ ಕೂಗಿದ ರಭಸಕ್ಕೆ ಮಾದಮ್ಮನ ಕೈಯಲ್ಲಿದ್ದ ಬಾಟ್ಲಿ ಜಾರಿ ಕಲ್ಲಿನ ಮೇಲೆ ಉರುಳಿತು. ಅವಳು ತಲೆಯೆತ್ತಿ ನೋಡಿದಳು. ಬೆಳಗಿನ ಏಳೂವರೆ. ಸೂರ್ಯ ಇನ್ನೂ ಗುಡ್ಡದ ಆಚೆಗೇ ಇದ್ದ. ನೆರಳು ಬೀಳಬೇಕಾದರೆ ಮೊದಲು ಬಿಸಿಲು ಬೀಳಬೇಕು. ಆದರೆ ಕೆಳಗಿನ ಕಾಲೋನಿಯವರ ನೆರಳು ರುದ್ರಯ್ಯನ ಕಣ್ಣಿಗೆ ಬಿಸಿಲಿಲ್ಲದೆಯೂ ಕಾಣುತ್ತಿತ್ತು. ಅದು ಅವನ ಮನೆತನದ ವಿದ್ಯೆ. ಅಪ್ಪನಿಂದ ಮಗನಿಗೆ ಬಂದದ್ದು.

"ಅಲ್ಲೇ ದೂರ ನಿಂತ್ಕಂಡು ಬಾಟ್ಲಿ ಹಿಡಿ. ನಾನು ಮೇಲಿಂದ ಉಯ್ತೀನಿ."

"ಅಂಗೆಲ್ಲ ಉಯ್ಯಂಗಿಲ್ಲ ಅಯ್ನೋರೇ. ಬಾಟ್ಲಿ ಬಾಯಿ ನೀರಿಗೆ ಎದುರಾಗಿಟ್ಟು ಮುಳುಗುಸ್ಬೇಕು. ಮೂರು ಕಿತ ಮುಕ್ಕಳ್ಸಿ ಚೆಲ್ಲಿ, ನಾಕ್ನೇ ಕಿತ ತುಂಬ್ಬೇಕು. ಮೇಡಮ್ಮೋರು ಯೋಳ್ಕೊಟ್ಟವ್ರೆ."

"ಗಂಗಮ್ಮನ ಒರತೇಲಿ ನೀನು ಮುಕ್ಕಳುಸ್ತೀಯೇನೇ? ನಿಮ್ಮಪ್ಪ ಮುಕ್ಕಳ್ಸಿದ್ನಾ? ನಿಮ್ಮಜ್ಜ ಮುಕ್ಕಳ್ಸಿದ್ನಾ?"

ಮೇಡಮ್ಮ ಅಂದರೆ ಚೈತ್ರಶ್ರೀ. ಕೆಟ್ಟ ಹಳ್ಳಗಳನ್ನು ಸರಿಮಾಡುವ ಯೋಜನೆಯೊಂದರ ಸಕಲೇಶಪುರದ ಆಫೀಸಿನವಳು. ಪಕ್ಕದಲ್ಲೇ ನಿಂತು ಬೂಟಿನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಿದ್ದಳು.

"ಪರ್ವಾಗಿಲ್ಲ ಮಾದಮ್ಮ, ಅಡ್ಜಸ್ಟ್ ಮಾಡ್ಕೊಳ್ಳಿ. ಲೋಕಲ್ ಸಂಪ್ರದಾಯ ಅಲ್ವಾ," ಎಂದಳು. ಕೈಯಲ್ಲಿದ್ದ ಟ್ಯಾಬಿನಲ್ಲಿ 'ಸಮುದಾಯದ ಸಹಭಾಗಿತ್ವ: ಉತ್ತಮ' ಎಂದು ಒತ್ತಿದಳು.

ರುದ್ರಯ್ಯ ಮೂರಡಿ ಮೇಲಿಂದ ತಂಬಿಗೆಯ ನೀರು ಸುರಿದ. ಅರ್ಧ ಬಾಟ್ಲಿಗೆ ಬಿತ್ತು. ಅರ್ಧ ಮಾದಮ್ಮನ ಮೊಣಕೈಯಿಂದ ಇಳಿದು ಸೊಂಟ ಸೇರಿತು. ಡಿಸೆಂಬರಿನ ನೀರು, ಮೂಳೆಯವರೆಗೂ ಹೋಯಿತು. ಗಂಗಮ್ಮ ತನ್ನನ್ನು ಮುಟ್ಟಬಹುದು, ತಾನು ಗಂಗಮ್ಮನನ್ನು ಮುಟ್ಟಬಾರದು ಎನ್ನುವ ಕಾನೂನು ಅವಳಿಗೆ ಪೂರ್ತಿ ಅರ್ಥವಾಗಿದ್ದು ಅವತ್ತೇ.

ಹಾನುಬಾಳಿನ ಮೇಲಿನ ಗುಡ್ಡದಲ್ಲಿ ಅದು ಸಾವ್ಕಾರ್ ಚನ್ನಬಸವಯ್ಯನವರ ಎಸ್ಟೇಟು. ಒರತೆ ಹುಟ್ಟುವುದು ಅವರ ತೋಟದ ನೆತ್ತಿಯಲ್ಲಿ. ಹತ್ತು ಹೆಜ್ಜೆ ಕೆಳಗೆ ಸಿಮೆಂಟಿನ ತೊಟ್ಟಿ, ಅಲ್ಲಿಂದ ಬಂಗಲೆಯ ಅಡುಗೆಮನೆಗೆ ಪೈಪು. ಮಿಕ್ಕಿದ ನೀರು ಹಾಲಳ್ಳವಾಗಿ ಇಳಿದು, ಬಂಗಲೆ ದಾಟಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ದಾಟಿ, ಕೆಳಗಿನ ಕಾಲೋನಿಗೆ ಬರುತ್ತದೆ. ಹೆಸರಿಗೆ ಹಾಲಳ್ಳ. ಪಲ್ಪರ್ ಶುರುವಾಯಿತೆಂದರೆ ಸಿಪ್ಪೆಯ ಗಬ್ಬು ನೀರು ಸೇರಿ ಹಾಲು ಹೋಗಿ ಡಿಕಾಕ್ಷನ್ ಆಗುತ್ತದೆ. ವಾಸನೆಯೋ, ಹಾನುಬಾಳಿನಲ್ಲಿ ಬಸ್ಸಿಳಿದ ನೆಂಟರು ಯಾರನ್ನೂ ದಾರಿ ಕೇಳದೆ ಮೂಗಿನ ಜಾಡಿನಲ್ಲೇ ಕಾಲೋನಿ ಮುಟ್ಟುತ್ತಾರೆ. ಹಳ್ಳದ ಕಪ್ಪೆಗಳೆಲ್ಲ ಹೋದ ವರ್ಷ ಬಾಳ್ಳುಪೇಟೆಗೆ ಹೋಗಿ ಮಂಗಳೂರು ಲಾರಿ ಹತ್ತಿಕೊಂಡವು ಎಂದು ಕಾಲೋನಿಯ ಇಂದ್ರಮ್ಮ ಆಣೆ ಮಾಡಿ ಹೇಳುತ್ತಾಳೆ. ಲಾರಿ ನಂಬರು ಮಾತ್ರ ಯಾರೂ ನೋಡಿಟ್ಟುಕೊಂಡಿಲ್ಲ.

ಕಾಲೋನಿಯ ಬೋರ್‌ವೆಲ್ಲಿನ ಮೋಟಾರು ಸುಟ್ಟು ನಾಲ್ಕು ವರ್ಷವಾಗಿತ್ತು. ಜನ ಹಳ್ಳದ ಮಗ್ಗುಲಿಗೆ ಗುಂಡಿ ತೋಡಿ, ಒಸರಿದ ನೀರನ್ನು ಸೀರೆಯಲ್ಲಿ ಸೋಸಿ ಕುಡಿಯುತ್ತಿದ್ದರು. ದನಗಳು ಮೂಸಿ ನೋಡಿ ವಾಪಸು ಬರುತ್ತಿದ್ದವು. ಪಾಪ, ದನಗಳಿಗೆ ಸೋಸಲು ಬರುವುದಿಲ್ಲ. ಇಂದ್ರಮ್ಮನಿಗೆ ಮೊಣಕಾಲಿನವರೆಗೆ ಹುಣ್ಣು. ಕಳೆದ ಜನವರಿಯಲ್ಲಿ ಮಾದಮ್ಮನ ಗಂಡ ರಂಗಸ್ವಾಮಿ ಎರಡು ದಿನ ವಾಂತಿಭೇದಿ ಮಾಡಿಕೊಂಡು ಸತ್ತ. ಹೃದಯ ನಿಂತು ಸತ್ತನೆಂದು ಆಸ್ಪತ್ರೆಯವರು ಕಾಗದದಲ್ಲಿ ಬರೆದುಕೊಟ್ಟರು. ಹೃದಯ ನಿಲ್ಲದೆ ಸತ್ತವರನ್ನು ಮಾದಮ್ಮ ಇನ್ನೂ ನೋಡಿಲ್ಲ.

ಆದ್ದರಿಂದ ಚೈತ್ರಶ್ರೀ ಕಾಲೋನಿಗೆ ಬಂದು ನೀರು ತೆಗೆಯಲು ಒಬ್ಬರು ಬೇಕು ಎಂದಾಗ ಮೊದಲು ಎದ್ದು ನಿಂತವಳು ಮಾದಮ್ಮ. ಐದು ಜಾಗ, ಐದು ಬಾಟ್ಲಿ. ಒಂದನೆಯದು ಒರತೆ, ಐದನೆಯದು ಕಾಲೋನಿಯ ಗುಂಡಿ, ಮಿಕ್ಕ ಮೂರು ನಡುವೆ.

"ಐದನೇ ಬಾಟ್ಲಿ ಕೆಟ್ಟಿದೆ ಅಂತ ಲ್ಯಾಬಲ್ಲಿ ಬಂದ್ರೆ, ಪಲ್ಪರ್ ನೀರು ಹಳ್ಳಕ್ಕೆ ಬಿಡೋ ಹಾಗಿಲ್ಲ," ಎಂದು ಚೈತ್ರಶ್ರೀ ಹೇಳಿದ್ದಳು. "ತೋಟದೊಳಗೇ ಇಂಗುಗುಂಡಿ ಮಾಡಿಸ್ತೀವಿ. ಚೆನ್ನಾಗಿದೆ ಅಂತ ಬಂದ್ರೆ ನಾವು ಬೇರೆ ಹಳ್ಳ ನೋಡ್ಕೊಂಡು ಹೋಗ್ತೀವಿ."

ಐದನೇ ಬಾಟ್ಲಿ ಕೆಟ್ಟಿರುವ ವಿಷಯದಲ್ಲಿ ಮಾದಮ್ಮನಿಗೆ ಅನುಮಾನವೇ ಇರಲಿಲ್ಲ. ಒರತೆಯ ಹತ್ತಿರ ಅವತ್ತು ನಡೆದದ್ದು ಅಭ್ಯಾಸ ಮಾತ್ರ, ಲ್ಯಾಬಿಗೆ ಹೋಗುವ ಐದು ಬಾಟ್ಲಿ ತುಂಬುವುದು ಗುರುವಾರ. ಆ ಗುರುವಾರಕ್ಕಾಗಿ ಅವಳು ಮದುವೆಗೆ ಕಾದಂತೆ ಕಾದಳು.

ಗುರುವಾರ ಚೈತ್ರಶ್ರೀ ಬರಲಿಲ್ಲ. ಅವತ್ತು ಅವಳಿಗೆ ಬೇರೆ ಹಳ್ಳವಿತ್ತು. ಐಸಿನ ಡಬ್ಬ, ಐದು ಬಾಟ್ಲಿ, ಒಂದು ಫಾರಂ ಎಲ್ಲವನ್ನೂ ಎಸ್ಟೇಟಿನ ಸ್ಟೋರಿಗೆ ಕಳಿಸಿದ್ದಳು. ಮಾದಮ್ಮ ಸ್ಟೋರಿಗೆ ಬರುವ ಹೊತ್ತಿಗೆ ಡಬ್ಬ ಅಲ್ಲಿರಲಿಲ್ಲ. ಬಂಗಲೆಯ ಜಗಲಿಯಲ್ಲಿತ್ತು. ಸಾವ್ಕಾರ್ರು ಕಾಫಿ ಕುಡಿಯುತ್ತಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮೋಹನ್ ಬಾಟ್ಲಿಯ ಮೇಲಿನ ಚೀಟಿ ಓದುತ್ತಿದ್ದ.

"'ನೀರಿನ ಮಾದರಿ. ಹಾಲಳ್ಳ. ಸ್ಥಳ ಒಂದು' ಅಂತೈತೆ ಸಾರ್."

ಸಾವ್ಕಾರ್ರ ಲೋಟ ತುಟಿಯ ಹತ್ತಿರವೇ ನಿಂತಿತು. "ಮಾದರಿ? ಏನಂದೆ, ಮಾದರಿನಾ?"

"ಹೂಂ ಸಾರ್. ಐದಕ್ಕೆ ಐದ್ರಾಗೂ ಮಾದರಿ ಅಂತಾನೇ ಐತೆ."

ಆ ಶಬ್ದ ಸಾವ್ಕಾರ್ರನ್ನು ಎರಡು ವರ್ಷದಿಂದ ಕಚ್ಚುತ್ತಿತ್ತು. ಆಲೂರು ತಾಲ್ಲೂಕಿನ ಮಗ್ಗೆ ಕಡೆಯ ಅವರ ಷಡ್ಡಕನ ಗೇಟಿಗೆ ಯಾರೋ 'ಮಾದರಿ ತೋಟ' ಎಂದು ಹಸಿರು ಬೋರ್ಡು ಹಾಕಿ ಹೋಗಿದ್ದರು. ಅವತ್ತಿನಿಂದ ಹೆಂಡತಿಯ ತವರಿನ ಯಾವ ಮದುವೆಯಲ್ಲೂ ಸಾವ್ಕಾರ್ರಿಗೆ ಹೋಳಿಗೆ ಗಂಟಲಿನಲ್ಲಿ ಇಳಿದಿರಲಿಲ್ಲ. ಪಂಚಾಯ್ತಿಯವರು ಮಾದರಿ ಗ್ರಾಮ ಎನ್ನುತ್ತಾರೆ, ಇಸ್ಕೂಲಿನವರು ಮಾದರಿ ಶಾಲೆ ಎನ್ನುತ್ತಾರೆ. ಈಗ ಹಳ್ಳದ ಸರದಿ ಬಂದಿದೆ.

"ಲೋ ಮೋಹನ, ಆಲೂರು ತಾಲ್ಲೂಕಲ್ಲಿ ಯಾವನಿಗಾದ್ರೂ ಮಾದರಿ ಹಳ್ಳ ಐತೇನೋ?"

"ತೋಟ ಐತೆ ಸಾರ್, ಶಾಲೆ ಐತೆ. ಹಳ್ಳ ಯಾವನಿಗೂ ಇಲ್ಲ."

ಅಂಗಳದಲ್ಲಿ ನಿಂತಿದ್ದ ಮಾದಮ್ಮ ಎರಡು ಹೆಜ್ಜೆ ಮುಂದೆ ಬಂದಳು. "ಮಾದರಿ ಅಂದ್ರೆ ಅದಲ್ಲ ಸಾವ್ಕಾರ್ರೇ. ಸ್ಯಾಂಪಲ್ಲು. ನೀರು ಎಂಗೈತೋ ಅಂಗೇ ತಗಂಡೋಗಿ ಪರೀಕ್ಸೆ ಮಾಡ್ತಾರೆ."

"ಪರೀಕ್ಷೆ ಅಂದ್ಮೇಲೆ ಪಾಸಾಗ್ಬೇಕೋ ಬ್ಯಾಡ್ವೋ? ನೀನು ಯಾವ ಕಾಲೇಜಲ್ಲಿ ಓದ್ಕಂಡು ಬಂದ್ಯೇ ನಂಗೆ ಕನ್ನಡ ಹೇಳ್ಕೊಡಾಕೆ?" ಸಾವ್ಕಾರ್ರು ಲೋಟ ಕುಕ್ಕಿದರು. "ಮೋಹನ, ರುದ್ರಯ್ಯನ್ನ ಕರಿ. ಐದಕ್ಕೂ ಒರತೆ ನೀರೇ ತುಂಬ್ಸು."

"ಅಯ್ಯೋ, ಐದ್ನೇದ್ರಾಗಾದ್ರೂ ನಮ್ ಗುಂಡಿ ನೀರು ತುಂಬುಸ್ರಪ್ಪ! ಅದ್ರಾಗೇ ನಮ್ ಜೀವ ಐತೆ!"

"ಆ ಚರಂಡಿ ನೀರು ನನ್ನ ಹಳ್ಳದ ಹೆಸ್ರಲ್ಲಿ ಲ್ಯಾಬಿಗೆ ಹೋಗ್ಬೇಕಾ? ಮುಚ್ಚೇ ಬಾಯಿ. ಫಾರಂಗೆ ಸೈನ್ ಹಾಕು."

ಅವಳು ಹಾಕುವುದಿಲ್ಲ ಎಂದಳು. ಮೋಹನ್ ಮೆಟ್ಟಿಲಿಳಿದು ಬಂದು ಸಣ್ಣ ದನಿಯಲ್ಲಿ, "ಹಾಕ್ಬುಡು ಮಾರಾಯ್ತಿ. ನಾಳಿಂದ ನಿಮ್ಮ ಕೇರಿಯೋರು ಒಬ್ರೂ ಹಣ್ಣು ಕೊಯ್ಯಾಕೆ ಬರಂಗಿಲ್ಲ ಅಂದ್ರೆ, ಇಡೀ ಕೇರಿ ನಿನ್ ಬಾಯಿಗೆ ಮಣ್ಣಾಕ್ತೈತೆ," ಎಂದ. ಪೆನ್ನನ್ನು ನೆಲದ ಮೇಲಿಟ್ಟ. ಕೈಗೆ ಕೈ ತಾಗದಂತೆ ಪೆನ್ನು ಕೊಡುವ ಪದ್ಧತಿ ಅದು. ಮಾದಮ್ಮ ಬಗ್ಗಿ ಎತ್ತಿಕೊಂಡು, 'ನೀರು ತೆಗೆದವರು' ಎನ್ನುವ ಕಡೆ ತನ್ನ ಹೆಸರಿನ ಮೂರು ಅಕ್ಷರ ಬರೆದಳು.

ರುದ್ರಯ್ಯ ಐದು ಬಾಟ್ಲಿಗೂ ಒರತೆಯ ನೀರನ್ನು ಮಂತ್ರ ಸಮೇತ ತುಂಬಿದ. ತೊಳೆಯಲಿಲ್ಲ, ಬದಲಿಗೆ ಒಂದೊಂದಕ್ಕೂ ಒಂದೊಂದು ದಳ ತುಳಸಿ ಹಾಕಿದ. ಮೋಹನ್ ಡಬ್ಬವನ್ನು ಜೀಪಿನಲ್ಲಿಟ್ಟುಕೊಂಡು ತಾನೇ ಆಫೀಸಿಗೆ ಮುಟ್ಟಿಸಿದ.

ಮಾದಮ್ಮ ಸಿಗ್ನಲ್ ಸಿಗುವ ಬಂಡೆ ಹತ್ತಿ ಫೋನ್ ಮಾಡಿದಳು. "ಮೇಡಮ್ಮೋರೇ, ಐದೂ ಒರತೆ ನೀರು ಕಣವ್ವ. ಮೋಸ ಆಗ್ಬುಡ್ತು."

"ಮಾದಮ್ಮ, ನಾನು ಮೀಟಿಂಗಲ್ಲಿದ್ದೀನಿ. ರಿಪೋರ್ಟ್ ಬರ್ಲಿ, ನೋಡೋಣ."

ಹದಿನೈದು ದಿನಕ್ಕೆ ರಿಪೋರ್ಟು ಬಂತು. ಸ್ಟೋರಿನ ಮುಂದೆ ಸಭೆ. ಸಾವ್ಕಾರ್ರಿಗೆ ಕುರ್ಚಿ, ಚೈತ್ರಶ್ರೀಗೆ ಕುರ್ಚಿ, ರುದ್ರಯ್ಯನಿಗೆ ಬೆಂಚು, ಕಾಲೋನಿಯವರಿಗೆ ನೆಲ. ಚೈತ್ರಶ್ರೀ ಓದಿದಳು. ಐದೂ ಸ್ಥಳದ ನೀರು ಅತ್ಯುತ್ತಮ. ಸ್ಥಳ ಒಂದಕ್ಕೂ ಸ್ಥಳ ಐದಕ್ಕೂ ವ್ಯತ್ಯಾಸವಿಲ್ಲ. ಕುಡಿಯಲು ಯೋಗ್ಯ. ತೇಲುವ ಪದಾರ್ಥ: ತುಳಸಿ.

"ಹಾಗಾಗಿ ಈ ಹಳ್ಳಕ್ಕೆ ಪುನಶ್ಚೇತನ ಬೇಕಿಲ್ಲ ಅಂತ ತೀರ್ಮಾನ ಆಗಿದೆ."

ಸಾವ್ಕಾರ್ರು ಮೀಸೆ ಒರೆಸಿಕೊಂಡರು. "ಸಂತೋಷ. ಬೋರ್ಡು ಯಾವಾಗ ಬರ್ತದೆ?"

"ಯಾವ ಬೋರ್ಡು ಸರ್?"

"ಮಾದರಿ ಹಳ್ಳದ್ದು."

ಚೈತ್ರಶ್ರೀ ಚೀಟಿ ನೋಡಿದಳು, ಸಾವ್ಕಾರ್ರನ್ನು ನೋಡಿದಳು. "ಮಾದರಿ ಅಂದ್ರೆ... ಸ್ಯಾಂಪಲ್ ಅಂತ ಸರ್."

ಕಾಲೋನಿಯ ಕಡೆಯಿಂದ ಯಾರೋ ಒಬ್ಬರು ನಕ್ಕರು. ಇಂದ್ರಮ್ಮ ಕೆಮ್ಮಿದಳೆಂದು ಆಮೇಲೆ ಎಲ್ಲರೂ ಒಮ್ಮತದಿಂದ ಹೇಳಿದರು. ಸಾವ್ಕಾರ್ರ ಕಿವಿ ಹಣ್ಣುಕಾಫಿಯ ಬಣ್ಣಕ್ಕೆ ತಿರುಗಿತು.

ಆ ಗಳಿಗೆಯಲ್ಲೇ ಮಾದಮ್ಮ ಎದ್ದಳು. "ಮೇಡಮ್ಮೋರೇ, ಆ ಐದೂ ಒರತೆ ನೀರು. ನಮ್ ಗುಂಡಿ ನೀರು ಬಾಟ್ಲಿಗೇ ಬಿದ್ದಿಲ್ಲ. ಬಾ, ಈಗ್ಲೇ ಬಂದು ಕಣ್ಣಾರೆ ನೋಡು. ಇನ್ನೂರು ಮಾರು ಐತೆ ಅಷ್ಟೇ."

"ಕಣ್ಣಲ್ಲಿ ನೋಡಿದ್ದು ಡೇಟಾ ಆಗಲ್ಲ ಮಾದಮ್ಮ. ಈ ಸೀಸನ್ ಸುತ್ತು ಮುಗೀತು. ಇನ್ನು ಮುಂದಿನ ಡಿಸೆಂಬರ್." ಚೈತ್ರಶ್ರೀ ಫಾರಂ ತಿರುಗಿಸಿ ತೋರಿಸಿದಳು. "ಮತ್ತೆ ಇಲ್ಲಿ ನೀರು ತೆಗೆದವರು ಅಂತ ನಿಮ್ಮದೇ ಸಹಿ ಇದೆಯಲ್ಲಾ?"

ಸಾವ್ಕಾರ್ರು ಮೆಲ್ಲಗೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಕಿವಿಯ ಕೆಂಪು ಇಳಿಯುತ್ತಿತ್ತು. "ತಡೀರಿ, ತಡೀರಿ. ಐದು ಬಾಟ್ಲಿನೂ ಒರತೆ ನೀರು ಅಂತ ಇವಳೇ ಹೇಳ್ತವ್ಳೆ. ತೆಗೆದವಳು ನಾನೇ ಅಂತ ಸೈನೂ ಹಾಕವ್ಳೆ. ಅಂದ್ರೆ ಏನಾಯ್ತು? ಒರತೆಗೆ ಕೈ ಹಾಕಿದವರು ಯಾರು?"

ಎಲ್ಲರೂ ರುದ್ರಯ್ಯನನ್ನು ನೋಡಿದರು. ಐದು ಬಾಟ್ಲಿಗೂ ತುಳಸಿ ಹಾಕಿದ ಕೈಯನ್ನು ಅವನು ಶಲ್ಯದೊಳಗೆ ಎಳೆದುಕೊಂಡ.

"ನಾನು ಅವತ್ತು ಊರಲ್ಲೇ ಇರ್ಲಿಲ್ಲ," ಎಂದ ರುದ್ರಯ್ಯ. "ಇವಳೇ ಮುಟ್ಟಿರ್ಬೇಕು. ಅದಕ್ಕೇ ಮೊನ್ನೆಯಿಂದ ಗಂಗಮ್ಮನ ಮುಂದೆ ದೀಪ ನಿಲ್ತಿಲ್ಲ."

"ಥೂ, ನಿನ್ ನಾಲಿಗೆಗೆ ಹಾವು ಕಡೀಲಿ! ನಾನು ಆಚೆ ನಿಂತು ನೋಡ್ತಿದ್ನಲ್ಲೋ ಅಯ್ಯ!"

"ಪೂಜಾರಿಗೇ ಬೈತೀಯೇನೇ ಲೌಡಿ?" ಮೋಹನ್ ಅವಳ ಹೆಗಲಿಗೆ ದೊಣ್ಣೆಯ ತುದಿ ಒತ್ತಿ ನೆಲಕ್ಕೆ ಕೂರಿಸಿದ. ದೊಣ್ಣೆಗೆ ಮೈಲಿಗೆ ಇಲ್ಲ.

ಸಾವ್ಕಾರ್ರು ತೀರ್ಮಾನ ಹೇಳಿದರು. ಒರತೆಗೆ ಶುದ್ಧಿ ಮಾಡಿಸಬೇಕು. ಕೋಳಿ, ಕಾಯಿ ಕಾಲೋನಿಯಿಂದಲೇ ಬರಬೇಕು. ಮಾದಮ್ಮ ಇನ್ನು ತೋಟದ ಗೇಟು ದಾಟಬಾರದು. ಚೈತ್ರಶ್ರೀ ಆಚೆ ತಿರುಗಿ ಫೋನಿನಲ್ಲಿ ಏನೋ ಹುಡುಕುತ್ತಿದ್ದಳು. ಹೊರಡುವಾಗ ಅವಳಿಗೆ ಏನೆನ್ನಿಸಿತೋ, ರಿಪೋರ್ಟಿನ ಒಂದು ಪ್ರತಿಯನ್ನು ಮಾದಮ್ಮನ ಕೈಗೆ ಕೊಟ್ಟಳು. "ಇಟ್ಕೊಳ್ಳಿ. ಸಮುದಾಯಕ್ಕೆ ಒಂದು ಕಾಪಿ ಕೊಡ್ಬೇಕು ಅಂತ ರೂಲ್ಸಿದೆ."

ಮನೆಗೆ ಬಂದ ಮಾದಮ್ಮ ಆ ಕಾಗದವನ್ನು ಒಲೆಗೆ ಹಾಕಲು ಹೊರಟಿದ್ದಳು. ಇಂದ್ರಮ್ಮ ಕಿತ್ತುಕೊಂಡಳು.

"ಏನೇ ಬರ್ದವ್ರೆ ಇದ್ರಾಗೆ?"

"ಒಂದೂ ಐದೂ ಒಂದೇ ನೀರಂತೆ. ಅವರ ಒರತೇನೂ ನಮ್ ಗುಂಡೀನೂ ಒಂದೇ ಅಂತೆ. ಸೀಲು ಒಡ್ದು ಕೊಟ್ಟವ್ರೆ."

ಇಂದ್ರಮ್ಮ ಹುಣ್ಣಿನ ಮೇಲಿನ ನೊಣ ಓಡಿಸುತ್ತ ಸೀಲನ್ನೇ ನೋಡಿದಳು. "ಸೀಲು ಒಡ್ದವ್ರಾ? ಸೀಲು ಒಡ್ದ ಮ್ಯಾಲೆ ಅದು ಸಾವ್ಕಾರ್ರಿಗೂ ಸೀಲೇ ಅಲ್ವೇನೇ?"

ಮಾದಮ್ಮ ಒಲೆಯ ಮುಂದಿನಿಂದ ಎದ್ದಳು. ಅವತ್ತು ಸಂಜೆ ಮನೆಯಿಂದ ಮನೆಗೆ ಹೋಗಿ ಹೆಂಗಸರ ಹತ್ತಿರ ಒಂದೇ ಮಾತು ಹೇಳಿ ಬಂದಳು. ಒಬ್ಬಳೂ ಆಗುವುದಿಲ್ಲ ಎನ್ನಲಿಲ್ಲ. ಹೆದರಿಕೆಯಾಗುತ್ತದೆ ಎಂದರು, ಆಗಲಿ, ಹೆದರಿಕೊಂಡೇ ಬನ್ನಿ ಎಂದಳು.

ಸಾವ್ಕಾರ್ರು ಬೋರ್ಡನ್ನು ಬಿಡಲಿಲ್ಲ. ರಿಪೋರ್ಟೇ ಅತ್ಯುತ್ತಮ ಎಂದ ಮೇಲೆ ಬೋರ್ಡು ಸರ್ಕಾರ ಹಾಕಿದರೇನು, ತಾವು ಹಾಕಿದರೇನು? ಷಡ್ಡಕನ ಬೋರ್ಡಿಗಿಂತ ಎರಡಡಿ ಉದ್ದದ್ದನ್ನೇ ಬರೆಸಿದರು. 'ಹಾಲಳ್ಳ: ಮಾದರಿ ಹಳ್ಳ'. ಜನವರಿಯ ಒಂದು ಬೆಳಿಗ್ಗೆ ಒರತೆಯ ಪಕ್ಕದಲ್ಲೇ ಶಾಮಿಯಾನ ಎದ್ದಿತು. ಷಡ್ಡಕನನ್ನು ಖುದ್ದಾಗಿ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಟೇಪು ಕತ್ತರಿಸಲು ಚೈತ್ರಶ್ರೀ ಬಂದಿದ್ದಳು. ಮೇಲಿನವರು ಹೋಗು ಎಂದಿದ್ದರಂತೆ. ಪಲ್ಪರ್ ಕೆಳಗೆ ಗರಗರ ಓಡುತ್ತಲೇ ಇತ್ತು. ಹಣ್ಣು ಯಾರ ಸಮಾರಂಭಕ್ಕೂ ಕಾಯುವುದಿಲ್ಲ.

ಚೈತ್ರಶ್ರೀ ಕತ್ತರಿ ಎತ್ತುವ ಹೊತ್ತಿಗೆ ತೋಟದ ಕಾಲುದಾರಿಯಲ್ಲಿ ಹೆಂಗಸರು ಬಂದರು. ಕಾಲೋನಿಯ ಅಷ್ಟೂ ಹೆಂಗಸರು, ಮೂವತ್ತೊಂದು ಜನ, ಸೊಂಟದಲ್ಲಿ ತುಂಬಿದ ಕೊಡ. ಅವರಿಗಿಂತ ಮೊದಲು ವಾಸನೆ ಬಂದು ಶಾಮಿಯಾನದಲ್ಲಿ ಕೂತಿತು. ಷಡ್ಡಕ ಕರವಸ್ತ್ರ ತೆಗೆದ.

"ಏಯ್! ಎಲ್ಲಿಗ್ರೇ ಬಂದ್ರಿ ದಂಡು ಕಟ್ಕಂಡು? ನಡೀರಿ ಕೆಳಗೆ!" ಮೋಹನ್ ಓಡಿಬಂದ.

"ನೀರು ತಂದೀವಿ ಕಣಪ್ಪ ರೈಟ್ರೇ," ಎಂದಳು ಮಾದಮ್ಮ. "ಸಾವ್ಕಾರ್ರ ತೊಟ್ಟಿಗೆ."

ಅವಳು ಸೆರಗಿನ ಗಂಟು ಬಿಚ್ಚಿ ಕಾಗದ ತೆಗೆದು ಚೈತ್ರಶ್ರೀಗೆ ಚಾಚಿದಳು. "ಓದವ್ವ. ಎಲ್ರಿಗೂ ಕೇಳಂಗೆ ಓದು. ಒಂದೂ ಐದೂ ಅಂತ ಐತಲ್ಲ, ಅದ."

ಚೈತ್ರಶ್ರೀ ಸಾವ್ಕಾರ್ರ ಕಡೆ ನೋಡಿದಳು. ಆಮೇಲೆ ಕೊಡದೊಳಗೆ ನೋಡಿದಳು. ಕಂದು ನೊರೆಯ ಮೇಲೆ ಕಾಫಿ ಸಿಪ್ಪೆ ತೇಲುತ್ತಿತ್ತು. ಮಾರ್ಚಿನಲ್ಲಿ ಕೊಳೆಯುವ ಹೆಣಕ್ಕೂ ಅಷ್ಟು ವಾಸನೆ ಇರುವುದಿಲ್ಲ. ಅವಳ ದನಿ ಸಣ್ಣದಾಯಿತು. "ಸ್ಥಳ ಒಂದಕ್ಕೂ ಸ್ಥಳ ಐದಕ್ಕೂ ವ್ಯತ್ಯಾಸವಿಲ್ಲ. ಕುಡಿಯಲು ಯೋಗ್ಯ."

"ಕೇಳುದ್ರಾ? ವ್ಯತ್ಯಾಸ ಇಲ್ಲ. ಐದ್ನೇ ನೀರು ನಾವು ದಿನಾ ಮುಟ್ತೀವಿ, ಅಂದ್ರೆ ಒರತೆ ದಿನಾ ಮುಟ್ದಂಗೇ ಆತು. ಇವತ್ತು ಅದ್ಲು ಬದ್ಲು ಮಾಡ್ಕಳನ ಸಾವ್ಕಾರ್ರೇ. ನಮ್ದು ನೀವು ಕುಡೀರಿ. ನಿಮ್ದು ನಾವು ತಗಂಡೋಯ್ತೀವಿ. ಇಂದ್ರಕ್ಕ, ತೊಟ್ಟಿ ಮುಚ್ಚಳ ತೆಗಿ."

ಸಾವ್ಕಾರ್ರು ಕುರ್ಚಿ ಉರುಳಿಸಿಕೊಂಡು ಎದ್ದರು. "ಲೇ! ಆ ಹೊಲಸು ನೀರು ನನ್ನ ತೊಟ್ಟಿಗೆ ಬಿದ್ರೆ ಕೈ ಕಡಿದಾಕ್ಬುಡ್ತೀನಿ, ಬೋಳಿಮುಂಡೇರಾ! ವಿಷ ಕಣ್ರೇ ಅದು! ಮನುಷ್ರು ಕುಡಿಯೋ ನೀರೇನ್ರೇ ಅದು?"

ಷಡ್ಡಕ ಕರವಸ್ತ್ರದ ಮೇಲಿಂದ ಸಾವ್ಕಾರ್ರನ್ನೇ ನೋಡಿದ.

ಮಾದಮ್ಮ ಚೈತ್ರಶ್ರೀಯ ಕಡೆ ತಿರುಗಿದಳು. "ಬರ್ಕಳವ್ವ. ಲ್ಯಾಬು ಯೋಳ್ದೇ ಬುಟ್ಟಿದ್ದುನ್ನ ಸಾವ್ಕಾರ್ರೇ ಯೋಳ್ಬುಟ್ರು."

ಚೈತ್ರಶ್ರೀ ಟ್ಯಾಬ್ ತೆಗೆದಳು. ಎಲ್ಲಿ ಒತ್ತಬೇಕೆಂದು ತಿಳಿಯದೆ ಬೆರಳು ಗಾಳಿಯಲ್ಲೇ ನಿಂತಿತು. ಅಂಥದ್ದಕ್ಕೆ ಅದರಲ್ಲಿ ಖಾನೆ ಇರಲಿಲ್ಲ.

ಇಂದ್ರಮ್ಮ ಕಾಯಲಿಲ್ಲ. ಮುಚ್ಚಳ ಸರಿಸಿ ಕೊಡ ಬಗ್ಗಿಸಿದಳು. ಗಳಗಳ ಸದ್ದಾಯಿತು. ಎರಡನೆಯ ಕೊಡ, ಮೂರನೆಯದು. ಮೋಹನ್ ದೊಣ್ಣೆ ಬೀಸಿದ. ಒಂದು ಕೊಡ ಒಡೆದು ಅದರ ನೀರು ಷಡ್ಡಕನ ಬಿಳಿ ಪಂಚೆಯ ಮೇಲೆ ಹೋಯಿತು. ಇನ್ನೊಂದು ಪೆಟ್ಟಿಗೆ ಇಂದ್ರಮ್ಮನ ಹಣೆ ಒಡೆಯಿತು. ಅವಳು ಕೂತಳು, ಆದರೆ ತೊಟ್ಟಿಯ ಕಟ್ಟೆಯ ಮೇಲೆಯೇ ಕೂತಳು. ಹಿಂದಿನವಳು ಅವಳ ತಲೆಯ ಮೇಲಿಂದಲೇ ಸುರಿದಳು. ಸಾವ್ಕಾರ್ರು ಫೋನಿನಲ್ಲಿ ಪೊಲೀಸರಿಗೆ ಕೂಗುತ್ತಿದ್ದರು. ಮಾದಮ್ಮ ತನ್ನ ಕೊಡವನ್ನೂ ತೊಟ್ಟಿಗೆ ಬಗ್ಗಿಸಿ ಒರತೆಯ ಕಡೆ ನಡೆದಳು.

ರುದ್ರಯ್ಯ ಒರತೆಯ ಮುಂದೆ ಎರಡೂ ಕೈ ಚಾಚಿ ನಿಂತಿದ್ದ. "ಮುಟ್ಬ್ಯಾಡ ಮಾದಿ! ಮುಟ್ಟುದ್ರೆ ಹುಳ ಬಿದ್ದು ಸಾಯ್ತೀಯ!"

"ಮುಟ್ಟದೇ ಸತ್ತೋರ ನೋಡೀವಿ ಅಯ್ನೋರೇ. ಮುಟ್ಟಿ ಸಾಯದು ಎಂಗಿರ್ತೈತೋ ನೋಡನ."

ಅವಳು ಅವನ ಕಂಕುಳಿನ ಕೆಳಗೆ ನುಸುಳಿ ಒರತೆಗೆ ಇಳಿದಳು. ನೀರು ಹಿಮ್ಮಡಿ ಮುಳುಗುವಷ್ಟಿತ್ತು. ರುದ್ರಯ್ಯ ಅವಳನ್ನು ಎಳೆಯಲು ಕೈ ಮುಂದೆ ಮಾಡಿ, ಮುಟ್ಟಬೇಕಾಗುತ್ತದಲ್ಲ ಎಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡ.

ಮಾದಮ್ಮ ಖಾಲಿ ಕೊಡವನ್ನು ಕಲ್ಲಿನ ಸಂದಿಗೆ ಒಡ್ಡಿ ಕುಕ್ಕರುಗಾಲಿನಲ್ಲಿ ಕೂತಳು. ಜನವರಿಯ ಒರತೆ ನೂಲಿನಷ್ಟೇ ಸಣ್ಣಗೆ ಬೀಳುತ್ತಿತ್ತು. ಖಾಲಿ ಕೊಡ ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಬೆನ್ನ ಹಿಂದೆ ಸಾಲು ನಿಂತರು. ಕೆಳಗೆ ಹಾನುಬಾಳಿನ ತಿರುವಿನಲ್ಲಿ ಜೀಪೊಂದು ಗೇರು ಬದಲಿಸಿದ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು. ಅವಳು ತಲೆಯೆತ್ತಲಿಲ್ಲ. ಕೊಡ ಇನ್ನೂ ಕಾಲು ಭಾಗವೂ ತುಂಬಿರಲಿಲ್ಲ.